ಅಟ್ಟದ ಮೇಲಿನ ಪ್ಲೇಟುಗಳು: ಓದುಗರ ಪ್ರಶ್ನೆ, ರೈಟರ ಉತ್ತರ

ಹಳೇ ಗ್ರಾಮಫೋನ್ ಪ್ಲೇಟುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಕಾಗದಗಳೇನೋ ಬಂದವು. ಮುಕ್ಕಾಲು ಪಾಲು ಮಂದಿಗೆ ಬೇಕಾಗಿರುವುದು ಬೆಲೆ. ಅವರಿಗೆಲ್ಲ ಸೇರಿಸಿ ಒಂದೇ ಉತ್ತರ ಬರೆದಿದ್ದೇನೆ, ಸ್ವಲ್ಪ ಕೆಳಗಿದೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಹಗಲು ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ರಾತ್ರಿ ಪ್ಲೇಟು ಕೇಳುವುದು. ಈಗ ಚೆಕ್‌ರೋಲ್ ಇಲ್ಲ.

ಅಜ್ಜನ ಟ್ರಂಕಿನಲ್ಲಿ ನಾಯಿ ಗುರುತಿನ (ಎಚ್.ಎಂ.ವಿ.) ಪ್ಲೇಟುಗಳು ಸಿಕ್ಕಿವೆ. ಕೆಲವು ದಪ್ಪ, ಕೆಲವು ತೆಳು. ಮಗ ಬೆಂಗಳೂರಿನಿಂದ ಸೂಟ್‌ಕೇಸ್ ಥರದ ಪ್ಲೇಯರ್ ತಂದುಕೊಟ್ಟಿದ್ದಾನೆ. ಎಲ್ಲವನ್ನೂ ಅದರಲ್ಲೇ ಹಾಕಬಹುದಾ? ಕೊಳೆ ತೆಗೆಯಲು ಸ್ಪಿರಿಟ್ ಹಚ್ಚಬಹುದಾ?
*— ಗೃಹಿಣಿ, ನಾಪೋಕ್ಲು*

ಮೊದಲು ಆ ಸ್ಪಿರಿಟ್ ಬಾಟಲಿ ಎತ್ತಿಡಿ ಅಮ್ಮಾ. ದಪ್ಪ ಪ್ಲೇಟು ಮಾಡಿರುವುದು ಅರಗಿನಿಂದ. ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಮಸಿ ಸೇರಿಸಿ ಬಿಸಿ ಅಚ್ಚಿನಲ್ಲಿ ಒತ್ತಿದ್ದು ಅದು. ಬಡಗಿಗಳು ಕುರ್ಚಿ ಮೇಜಿಗೆ ಪಾಲಿಶ್ ಹಚ್ಚುವಾಗ ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ನೀವು ಒಂದು ಸಲ ಒರೆಸಿದರೆ ಸಾಕು, ಕೊಳೆಯ ಜೊತೆ ಹಾಡೂ ಬಟ್ಟೆಗೆ ಬರುತ್ತದೆ.

ಯಾವುದು ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಪ್ಲೇಟಿನ ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿಯಿರಿ. ಇನ್ನೊಂದು ಕೈಯ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಅರಗಿನದು ಪಿಂಗಾಣಿ ತಟ್ಟೆಯ ಹಾಗೆ ಟಣ್ ಅನ್ನುತ್ತದೆ. ತೆಳುವಾದದ್ದು, ಅಂದರೆ ವಿನೈಲ್, ಮಂಕಾಗಿ ಟಪ್ ಅನ್ನುತ್ತದೆ. ಟಣ್ ಅನ್ನಬೇಕಾದ್ದು ಒಡಕು ದನಿ ಕೊಟ್ಟರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅರ್ಥ. ಅಂಥದ್ದನ್ನು ಆಡಿಸಬೇಡಿ. ಅರಗಿನದು ಕೈತಪ್ಪಿ ಸಿಮೆಂಟು ನೆಲಕ್ಕೆ ಬಿದ್ದರೆ ಚೂರು ಚೂರು. ಮಕ್ಕಳಿದ್ದರೆ ಮಂಚದ ಮೇಲೆ ಕೂತು ತೆಗೆಯಿರಿ.

ಅರಗಿನದು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಹತ್ತು ಇಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷ, ಹನ್ನೆರಡು ಇಂಚಿನದಾದರೆ ನಾಲ್ಕು, ನಾಲ್ಕೂವರೆ. ವಿನೈಲ್ ಎಲ್.ಪಿ., ಅಂದರೆ ಲಾಂಗ್ ಪ್ಲೇ ಬಂದಿದ್ದು 1948ರಲ್ಲಿ, ಅಮೆರಿಕದಲ್ಲಿ. ಅದು ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ಚೂರು ಜಾಸ್ತಿ ಸುತ್ತುತ್ತದೆ. ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಾಡು ಹಿಡಿಯುತ್ತದೆ. ನಮ್ಮ ದೇಶದಲ್ಲಿ 60ರ ದಶಕದಲ್ಲೂ ಅರಗಿನ ಪ್ಲೇಟು ಬರುತ್ತಲೇ ಇತ್ತು. ಹಾಗಾಗಿ ದಪ್ಪ ಇದ್ದ ಮಾತ್ರಕ್ಕೆ ತುಂಬಾ ಹಳೇದು ಎಂದುಕೊಳ್ಳಬೇಡಿ.

ಇನ್ನು ಸೂಟ್‌ಕೇಸ್ ಪ್ಲೇಯರ್. ಅದರಲ್ಲಿ 78ರ ಗುಂಡಿ ಇರಬಹುದು, ವೇಗ ಸರಿಯಾಗಿಯೇ ಬರಬಹುದು. ತೊಂದರೆ ಇರುವುದು ಮುಳ್ಳಿನಲ್ಲಿ. 78ರ ಗೀರು ಅಗಲ. ಅದಕ್ಕೆ ಇಂಚಿನ ಸಾವಿರದಲ್ಲಿ ಮೂರು ಭಾಗದಷ್ಟು ತುದಿಯ ಮುಳ್ಳು ಬೇಕು. ಎಲ್.ಪಿ.ಗೆ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಎಲ್.ಪಿ. ಮುಳ್ಳನ್ನು 78ರ ಮೇಲಿಟ್ಟರೆ ಅದು ಗೀರಿನ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿರುವುದು ಹಾಡಲ್ಲ, ಎಪ್ಪತ್ತು ವರ್ಷದ ಧೂಳು. ಕೇಳುವುದು ಬರೀ ಗರಗರ, ಮುಳ್ಳೂ ಬೇಗ ಸವೆಯುತ್ತದೆ. 78ಕ್ಕೆಂದೇ ಬೇರೆ ಮುಳ್ಳು ಮಾರುತ್ತಾರೆ, ನಿಮ್ಮ ಪ್ಲೇಯರಿಗೆ ಹೊಂದುವುದು ಸಿಗುತ್ತದಾ ಎಂದು ಮಗನಿಗೆ ವಿಚಾರಿಸಲು ಹೇಳಿ. ಇದರ ಉಲ್ಟಾ ಮಾತ್ರ ಯಾವತ್ತೂ ಮಾಡಬೇಡಿ: ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳು ಎಲ್.ಪಿ.ಯ ಮೇಲೆ ಒಂದು ಸುತ್ತು ಹೋದರೆ ಆ ಎಲ್.ಪಿ. ಮುಗಿಯಿತು. ಆ ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ನಾಲ್ಕು ಹಾಡಿಗೆ ಒಂದೇ ಮುಳ್ಳು ಸಾಕು ಅಂದುಕೊಂಡವರ ಪ್ಲೇಟುಗಳು ಬೆಳಕಿಗೆ ಹಿಡಿದರೆ ಬೂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ.

ಪ್ರತಿ ಮಳೆಗಾಲ ಎಲ್.ಪಿ.ಗಳಿಗೆ ಬಿಳಿ ಬೂಷ್ಟು ಹಿಡಿಯುತ್ತೆ. ಒರೆಸಿದರೆ ಹೋಗುತ್ತೆ, ಮತ್ತೆ ಬರುತ್ತೆ. ಒಬ್ಬರು ಫೆವಿಕಾಲ್ ಹಚ್ಚಿ ಒಣಗಿಸಿ ಸಿಪ್ಪೆ ಎಬ್ಬಿಸಿ ಅಂದರು. ಏನು ಮಾಡಲಿ?
*— ಬ್ಯಾಂಕ್ ನಿವೃತ್ತರು, ವಿರಾಜಪೇಟೆ*

ಈ ಪ್ರಶ್ನೆಗೆ ಕೊಡಗಿನಲ್ಲೇ ಕೂತು ಉತ್ತರ ಬರೆಯಬೇಕು. ಬೇರೆ ಊರಿನವರು ‘ತಣ್ಣನೆ ಒಣ ಜಾಗದಲ್ಲಿಡಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ತಣ್ಣನೆಯದು ನಮ್ಮಲ್ಲಿ ಬೇಕಾದಷ್ಟಿದೆ. ಒಣ ಜಾಗ ಎಲ್ಲಿದೆ ತೋರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ? ಕುಶಾಲನಗರದವರಿಗೆ ಈ ಗೋಳು ಅಷ್ಟಿಲ್ಲ. ಭಾಗಮಂಡಲ, ಗಾಳಿಬೀಡು, ಮಡಿಕೇರಿಯವರು ಮಾತ್ರ ಮೇ ತಿಂಗಳಲ್ಲೇ ತಯಾರಾಗಬೇಕು.

ಬೂಷ್ಟು ವಿನೈಲನ್ನು ತಿನ್ನುವುದಕ್ಕಿಂತ ಅದರ ಮೇಲಿರುವುದನ್ನು ತಿನ್ನುತ್ತದೆ: ಬೆರಳಿನ ಜಿಡ್ಡು, ಧೂಳು, ಒಳಗಿನ ಕಾಗದದ ಚೀಲದ ನಾರು. ಸುಮ್ನೆ ಪ್ಲೇಟು ಒರೆಸಿ ಮತ್ತೆ ಅದೇ ಚೀಲಕ್ಕೆ ತೂರಿಸುತ್ತಿದ್ದೀರಿ, ಅಲ್ವಾ? ಬೂಷ್ಟಿನ ಬೀಜ ಆ ಚೀಲದಲ್ಲೇ ಇದೆ. ಒಳಚೀಲಗಳನ್ನು ಬಿಸಾಕಿ. ಪಾಲಿಥೀನ್ ಒಳಮೈ ಇರುವ ಹೊಸ ಚೀಲ ಹಾಕಿ. ಹೊರಗಿನ ರಟ್ಟಿನ ಕವರನ್ನು ಒಣ ಬ್ರಷ್‌ನಿಂದ ಮನೆಯ ಹೊರಗೆ ಝಾಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು.

ತೊಳೆಯುವುದು ಹೀಗೆ. ಮೆಡಿಕಲ್‌ನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಬಾವಿ ನೀರು, ನಲ್ಲಿ ನೀರು ಬೇಡ, ಅದರ ಉಪ್ಪು ಗೀರಿನಲ್ಲಿ ಉಳಿಯುತ್ತದೆ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಒಂದು ಅಂದರೆ ಒಂದೇ. ಪ್ಲೇಟನ್ನು ಮೆತ್ತನೆ ಟವೆಲ್ ಮೇಲೆ ಮಲಗಿಸಿ. ಹೊಸ, ಮೆದು ಕೂದಲಿನ ಪೇಂಟ್ ಬ್ರಷ್ ಅದ್ದಿ ಗೀರು ಹೋದ ದಿಕ್ಕಿಗೇ ಸುತ್ತಿ, ಅಡ್ಡ ಉಜ್ಜಬೇಡಿ. ನಡುವಿನ ಲೇಬಲ್‌ಗೆ ನೀರು ತಾಗಬಾರದು. ತಾಗಿದರೆ ಒಂದೇ ನಿಮಿಷಕ್ಕೆ ಲೇಬಲ್ ಉಬ್ಬಿ ನಿಲ್ಲುತ್ತದೆ, ಹೆಸರು ಊರು ಎರಡೂ ಮಸುಕು. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸುತ್ತು. ಆಮೇಲೆ ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಹಂಡೆ ಒಲೆಯ ಹತ್ತಿರ ಬೇಡವೇ ಬೇಡ. ಬಿಸಿಗೆ ವಿನೈಲ್ ಬಗ್ಗುತ್ತದೆ, ಬಗ್ಗಿದ್ದು ಪೂರ್ತಿ ನೆಟ್ಟಗಾಗುವುದು ಅಪರೂಪ.

ಫೆವಿಕಾಲ್ ಮಾಡುವವರಿದ್ದಾರೆ. ವಿನೈಲ್ ಮೇಲೆ ಅದು ಪೂರ್ತಿ ಒಣಗಿದರೆ ಹಾಳೆ ಥರ ಎದ್ದೂ ಬರುತ್ತದೆ. ಆದರೆ ನಮ್ಮ ಜುಲೈನಲ್ಲಿ ಅದು ಒಣಗುವುದು ಯಾವಾಗ? ಅರೆಬರೆ ಒಣಗಿದ್ದನ್ನು ಎಬ್ಬಿಸಿದರೆ ಅರ್ಧ ಗೀರಿನಲ್ಲೇ ಉಳಿಯುತ್ತದೆ. 78ಕ್ಕಂತೂ ಅದನ್ನು ಮುಟ್ಟಿಸಲೇಬೇಡಿ.

ಕಪಾಟಿನ ವಿಷಯ. ನಮ್ಮ ಕಡೆ ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಮಳೆಗಾಲಕ್ಕೆ ಸಣ್ಣ ಬಲ್ಬು ಉರಿಸುತ್ತಾರಲ್ಲ, ಅದೇ ಉಪಾಯ ಪ್ಲೇಟಿಗೂ ಆಗುತ್ತದೆ. ಎಲ್.ಇ.ಡಿ. ಹಾಕಿದರೆ ಪ್ರಯೋಜನವಿಲ್ಲ, ಅದು ಬಿಸಿಯಾಗುವುದಿಲ್ಲ. ತಂತಿ ಇರುವ ಹಳೇ ಥರದ 15 ವಾಟ್ ಬಲ್ಬೇ ಬೇಕು. ಅದು ಕೆಳಗಿನ ಖಾನೆಯಲ್ಲಿರಲಿ, ಪ್ಲೇಟು ಒಂದು ಖಾನೆ ಬಿಟ್ಟು ಮೇಲಿರಲಿ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬೀರು ಪಶ್ಚಿಮದ ಗೋಡೆಗೆ ಒರಗದಿರಲಿ, ಮಳೆ ಹೊಡೆಯುವುದು ಆ ಕಡೆಯಿಂದ. ಮಳೆ ಶುರುವಾದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತೇವವನ್ನೇ ಒಳಗೆ ಕೂಡಿ ಹಾಕಿದಂತೆ. ಸಿಲಿಕಾ ಜೆಲ್ ಇಡುವುದಾದರೆ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ತೆಗೆದು, ಅಡುಗೆಗೆ ಬಳಸದ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಇಡಿ.

ಇದೆಲ್ಲಕ್ಕಿಂತ ಸುಲಭದ್ದು ಒಂದಿದೆ. ತೆಗೆದು ಕೇಳಿ! ನನ್ನ ಬೀರುವಿನಲ್ಲಿ ಬೂಷ್ಟು ಮೊದಲು ಹಿಡಿಯುವುದು ನಾನು ವರ್ಷಗಟ್ಟಲೆ ಮುಟ್ಟದ ಪ್ಲೇಟುಗಳಿಗೇ. ವಾರ ವಾರ ಹೊರಗೆ ಬರುವುದಕ್ಕೆ ಗಾಳಿ ಆಡುತ್ತದೆ, ಬ್ರಷ್ ತಾಗುತ್ತದೆ, ಚುಕ್ಕೆ ಕಂಡ ದಿನವೇ ಒರೆಸಿಯೂ ಆಗುತ್ತದೆ. ಬೀಗ ಹಾಕಿ ಕಾಪಾಡುತ್ತೇನೆ ಅನ್ನುವವರ ಸಂಗ್ರಹ ಕೊಡಗಿನಲ್ಲಿ ಉಳಿಯುವುದಿಲ್ಲ.

ಒಂದು ರಾಗವನ್ನು ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷದ ಪ್ಲೇಟಿನಲ್ಲಿ ಏನು ಹಾಡುತ್ತಿದ್ದರು? ಅದು ಬರೀ ಸ್ಯಾಂಪಲ್ ಅಲ್ಲವೇ?
*— ಸಂಗೀತ ಕಲಿಯುವವರು, ಮಡಿಕೇರಿ*

ಅಲ್ಲ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಸ್ಯಾಂಪಲ್ ಎಂದವರನ್ನು ನಾನಂತೂ ಕಂಡಿಲ್ಲ. ಅವರ ಜಿಂಜೋಟಿ ರಾಗದ್ದೊಂದು ಇದೆ, ‘ಪಿಯಾ ಬಿನ್ ನಹೀ ಆವತ ಚೈನ್’. ಮುಳ್ಳು ಇಟ್ಟ ಕೂಡಲೇ ರಾಗದ ಒಳಗೇ ಇರುತ್ತಾರೆ. ಪೀಠಿಕೆ ಇಲ್ಲ, ಸುತ್ತಿ ಬಳಸುವುದಿಲ್ಲ. ಸ್ವರದ ಮೇಲೆ ನಿಂತರೆ ನಿಂತೇ ಬಿಟ್ಟರು. ಅವಸರ ಅನ್ನುವುದು ಎಲ್ಲೂ ಇಲ್ಲ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡ ಕಡೆಯ ಅಷ್ಟು ದೊಡ್ಡ ಪರಂಪರೆಯ ಬೇರು ಆ ಒಂದು ಬದಿಯಲ್ಲಿ ಕೇಳುತ್ತದೆ.

ಹಾಡಿಕೊಂಡು ಬಂದ ಸಂಗೀತವನ್ನು ಇಷ್ಟೇ ಹೊತ್ತಿನಲ್ಲಿ ಮುಗಿಸಿ ಎಂದಾಗ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಮೊದಲಿಗರಲ್ಲಿ ಗಾಯಕಿ ಗೌಹರ್ ಜಾನ್ ಒಬ್ಬರು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಈಕೆಯ ಹಾಡು ಮುದ್ರಿಸಿದರು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖ ಒಡ್ಡಿ ಹಾಡಬೇಕಿತ್ತು. ಹಾಡು ಮುಗಿಯುವಾಗ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಜೋರಾಗಿ ಹೇಳುತ್ತಾರೆ. ಆ ಕಾಲಕ್ಕೆ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಲೇಬಲ್ ಅಂಟಿಸುವವರಿಗೆ ಹಾಡಿದ್ದು ಯಾರು ಎಂದು ತಿಳಿಯಲಿ ಅಂತ ಈ ಏರ್ಪಾಟು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಗೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮಿಂದ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆಯ ದಾರಿ. ಎಷ್ಟು ಜನಕ್ಕೆ ಗೊತ್ತು?

ನೀವು ಕಲಿಯುವವರಾದ್ದರಿಂದ ಒಂದು ಮಾತು. ಹಳೇ ಪ್ಲೇಟುಗಳೆಲ್ಲ ಸರಿಯಾಗಿ 78ರಲ್ಲೇ ಮುದ್ರಣವಾಗಿಲ್ಲ. ಶುರುವಿನ ಕಾಲದವು ಒಂದೆರಡು, ಕೆಲವು ಸಲ ಇನ್ನೂ ಜಾಸ್ತಿ ಸುತ್ತು ಆಚೀಚೆ. ವೇಗ ಏರಿದರೆ ಶ್ರುತಿಯೂ ಏರುತ್ತದೆ. ಯಾರದ್ದೋ ಶ್ರುತಿ ಇಷ್ಟೇ ಎಂದು ಪ್ಲೇಟು ಕೇಳಿ ಪಂದ್ಯ ಕಟ್ಟಬೇಡಿ.

ಪೊಲಿಬೆಟ್ಟದ ಕಡೆ ಹಳೇ ಬಂಗಲೆಯ ಸಾಮಾನು ಮಾರುವಾಗ ಎರಡು ಪೆಟ್ಟಿಗೆ ವಿಲಾಯ್ತಿ ಸಂಗೀತದ ಪ್ಲೇಟು ತಗೊಂಡೆ. ಡೆಕ್ಕಾ, ಕೊಲಂಬಿಯಾ, ಹಳದಿ ಲೇಬಲಿನ ಜರ್ಮನ್ ಕಂಪನಿ. ಲಕ್ಷಗಟ್ಟಲೆ ಬೆಲೆ ಅಂತಾರೆ. ನಿಜವಾ?
*— ವ್ಯಾಪಾರಿ, ಸಿದ್ದಾಪುರ (ಇದೇ ಪ್ರಶ್ನೆ ಅಮ್ಮತ್ತಿ, ಸೋಮವಾರಪೇಟೆ, ಗೋಣಿಕೊಪ್ಪದಿಂದಲೂ)*

ಲೋಕದಲ್ಲಿ ಹೆಸರು ಮಾಡಿದ್ದಕ್ಕೆ ಬೆಲೆ ಕಡಿಮೆ, ಯಾರೂ ಕೇಳದ್ದಕ್ಕೆ ಜಾಸ್ತಿ. ಈ ವ್ಯಾಪಾರ ಇರುವುದೇ ಹಾಗೆ. ಹಳದಿ ಲೇಬಲಿನ ಡಾಯ್ಚ ಗ್ರಾಮಫೋನ್ ಕಂಪನಿ 1963ರಲ್ಲಿ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಕರಾಯನ್ ನಿರ್ದೇಶನದಲ್ಲಿ ಒಂದೇ ಪೆಟ್ಟಿಗೆಯಾಗಿ ತಂದಿತು. ಅದು ಎಷ್ಟು ಮಾರಾಟವಾಯಿತೆಂದರೆ ಇವತ್ತಿಗೂ ಎಲ್ಲೆಂದರಲ್ಲಿ ಸಿಗುತ್ತದೆ, ಹಾಗಾಗಿ ಅಗ್ಗ. ನನ್ನ ಹತ್ತಿರವೂ ಒಂದಿದೆ, ಬಂಗಲೆಯ ಹಳೇ ಮ್ಯಾನೇಜರ್ ಬಿಟ್ಟು ಹೋದದ್ದು. ಏಳನೆಯದನ್ನು ಕೇಳದ ವಾರ ಕಡಿಮೆ. ಆದರೆ ಜೊಹಾನ್ನಾ ಮಾರ್ಟ್ಸಿ ಅನ್ನುವ ಪಿಟೀಲುಗಾರ್ತಿ ಬಾಖ್‌ನ ಒಂಟಿ ಪಿಟೀಲಿನ ಕೃತಿಗಳನ್ನು 50ರ ದಶಕದಲ್ಲಿ ಕೊಲಂಬಿಯಾಗೆ ನುಡಿಸಿದ್ದಾರೆ, ಮೂರು ಎಲ್.ಪಿ. ಆಗ ಹೆಚ್ಚು ಮಾರಾಟವಾಗಲಿಲ್ಲ. ಈಗ ಅದರ ಮೊದಲ ಅಚ್ಚಿಗೆ ಸಂಗ್ರಹಕಾರರು ಜಗಳವಾಡುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿ ಆ ಹೆಸರಿದ್ದರೆ ಯಾರಿಗೂ ಹೇಳಬೇಡಿ, ಮೊದಲು ನನಗೆ ಬರೆಯಿರಿ.

ನೋಡಬೇಕಾದ್ದು ಇದು. ಸ್ಟೀರಿಯೋ ಎಲ್.ಪಿ., ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ದನಿ ಬರುವುದು, ಅಂಗಡಿಗೆ ಬಂದದ್ದು 1958ರಲ್ಲಿ. ಡೆಕ್ಕಾದಲ್ಲಿ ನಂಬರು ಎಸ್.ಎಕ್ಸ್.ಎಲ್. ಎಂದು, ಕೊಲಂಬಿಯಾದಲ್ಲಿ ಎಸ್.ಎ.ಎಕ್ಸ್. ಎಂದು, ಎಚ್.ಎಂ.ವಿ.ಯಲ್ಲಿ ಎ.ಎಸ್.ಡಿ. ಎಂದು ಶುರುವಾದರೆ ಅದು ಸ್ಟೀರಿಯೋ. ಜರ್ಮನ್ ಪ್ಲೇಟಿನ ಲೇಬಲಿನ ಅಂಚಿಗೆ ಸುತ್ತಲೂ ಟುಲಿಪ್ ಹೂವಿನ ಸಾಲಿದ್ದರೆ ಹಳೇ ಅಚ್ಚು. ಹಾಡು ಮುಗಿದ ಮೇಲೆ ಲೇಬಲಿನವರೆಗೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೆತ್ತಿದ ಅಕ್ಷರಗಳನ್ನು ಟಾರ್ಚ್ ಓರೆ ಹಿಡಿದು ಓದಿ. ಯಾವ ಅಚ್ಚಿನಿಂದ ಒತ್ತಿದ್ದು ಎಂದು ತಿಳಿಯುವುದು ಅಲ್ಲಿಂದ. ನಡುವಿನ ತೂತಿನ ಸುತ್ತ ಲೇಬಲಿನ ಮೇಲೆ ಸಣ್ಣ ಸಣ್ಣ ಗೆರೆ ತುಂಬಿದ್ದರೆ ಪ್ಲೇಟನ್ನು ಬಹಳ ಸಲ ಆಡಿಸಿದ್ದಾರೆ. ಹೊರಗೆ ಎಷ್ಟೇ ಹೊಳೆಯಲಿ, ಆ ಗೆರೆಗಳು ಸುಳ್ಳು ಹೇಳುವುದಿಲ್ಲ. ಮತ್ತೆ ಎಲ್ಲಕ್ಕಿಂತ ಮುಖ್ಯ, ಬೂಷ್ಟು ತಿಂದ ಕವರ್ ಇದ್ದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ನಮ್ಮ ಬಂಗಲೆಗಳಿಂದ ಬರುವ ಪೆಟ್ಟಿಗೆಗಳದ್ದು ಹೆಚ್ಚಾಗಿ ಇದೇ ಕತೆ.

ಪೆಟ್ಟಿಗೆಯ ತಳದಲ್ಲಿ ಭಾರದ 78ಗಳ ಆಲ್ಬಂ ಇದ್ದು, ಮೇಲೆ ‘ಮೆಟ್ನರ್ ಸೊಸೈಟಿ’ ಎಂದಿದ್ದರೆ ಮಾರಾಟದ ಯೋಚನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ನಿಕೊಲಾಯ್ ಮೆಟ್ನರ್ ರಷ್ಯಾದ ಸಂಗೀತಗಾರರು. ಲಂಡನ್ನಿನಲ್ಲಿ ಕಾಯಿಲೆ, ಬಡತನದಲ್ಲಿ ದಿನ ತಳ್ಳುತ್ತಿದ್ದರು. ಅವರ ಕೃತಿಗಳನ್ನು ಅವರದೇ ಪಿಯಾನೋದಲ್ಲಿ ಎಚ್.ಎಂ.ವಿ. ಮುದ್ರಿಸಲು ದುಡ್ಡು ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೋ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದಾಗಲೂ ಖರ್ಚಿಗೆ ಹೊಣೆ ನಿಂತವರು ಇವರೇ. ಇದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ನಮ್ಮಲ್ಲಿ ಕೆಲವರು ‘ಅದು ಅವರ ಸಂಗೀತ, ಇದು ನಮ್ಮದು’ ಎಂದು ಬೇಲಿ ಹಾಕುತ್ತಾರೆ. ಒಡೆಯರಿಗೆ ಆ ಬೇಲಿ ಕಂಡಿರಲಿಲ್ಲ.

ಲಕ್ಷದ ಮಾತಿಗೆ ಬರೋಣ. ಸಿಕ್ಕರೆ ಸಂತೋಷ. ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿ. ಒಂದೊಂದಾಗಿ ತೊಳೆದು, ಕೇಳಿ, ಇಷ್ಟವಾಗದ್ದನ್ನು ಮಾರಿ.

ಎಲ್ಲ ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಯಾಕೆ ಸಾರ್? ಶುರು ಮಾಡುವುದಾದರೆ ಯಾವ ಪ್ಲೇಟಿನಿಂದ?
*— ಕಾಲೇಜು ವಿದ್ಯಾರ್ಥಿ, ಕುಶಾಲನಗರ*

ಯಾಕೆ ಎಂಬುದಕ್ಕೆ ನನ್ನ ಬಳಿ ದೊಡ್ಡ ಉತ್ತರವಿಲ್ಲ ತಮ್ಮಾ. ವಿನೈಲಿನ ದನಿಯೇ ಬೇರೆ, ದೈವಿಕ ಅನ್ನುವವರ ಮಾತು ನಾನು ಪೂರ್ತಿ ನಂಬುವುದಿಲ್ಲ. ಒಳ್ಳೇ ಸಿ.ಡಿ. ಚೆನ್ನಾಗಿಯೇ ಕೇಳಿಸುತ್ತದೆ. ನನಗೆ ಹಿಡಿಸುವುದು ಇಷ್ಟು: ಇಪ್ಪತ್ತು ನಿಮಿಷ ಆದಮೇಲೆ ಎದ್ದು ಹೋಗಿ ತಿರುವಿ ಹಾಕಬೇಕು. ಇಷ್ಟವಿಲ್ಲ ಎಂದು ಮಧ್ಯೆ ಹಾರಿಸುವುದು ಕಿರಿಕಿರಿ. ಹಾಗಾಗಿ ವಿಲಂಬಿತ, ಅಂದರೆ ನಿಧಾನದ ಭಾಗ ಬೇಸರವಾದರೂ ಕೂತು ಕೇಳುತ್ತೇನೆ. ಅಷ್ಟರಲ್ಲಿ ಬೇಸರ ಹೋಗಿರುತ್ತದೆ.

ಶುರುವಿಗೆ ದುಬಾರಿಯದು ಬೇಡ. ಬಿಸ್ಮಿಲ್ಲಾ ಖಾನರ ಶಹನಾಯಿ ಎಲ್.ಪಿ.ಗಳು ಸುಲಭವಾಗಿ ಸಿಗುತ್ತವೆ, ಮದುವೆ ಮನೆಗಳ ದಯೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಕಂಡರೆ ಬಿಡಬೇಡ. ಮಲ್ಲಿಕಾರ್ಜುನ ಮನ್ಸೂರರದ್ದು ಸಿಕ್ಕರೆ ಊಟದ ದುಡ್ಡು ಕೊಟ್ಟಾದರೂ ತಗೋ. ಭಾರತದಲ್ಲಿ ಅಚ್ಚಾದ ಎಚ್.ಎಂ.ವಿ. ಹಿಂದೂಸ್ತಾನಿ ಪ್ಲೇಟಿನಲ್ಲಿ ಇ.ಎ.ಎಲ್.ಪಿ. ಎಂದಿದ್ದರೆ ಮೋನೋ (ಎರಡೂ ಕಡೆ ಒಂದೇ ದನಿ), ಇ.ಎ.ಎಸ್.ಡಿ. ಎಂದಿದ್ದರೆ ಸ್ಟೀರಿಯೋ. ಒಬ್ಬರೇ ಕೂತು ಹಾಡಿದ್ದಕ್ಕೆ ಮೋನೋ ಸಾಲದು ಎಂದು ಯಾರಾದರೂ ಹೇಳಿದರೆ ತಲೆಯಾಡಿಸು, ಅಗ್ಗಕ್ಕೆ ಸಿಗುವ ಮೋನೋ ನೀನು ತಗೋ. ಬೆಂಗಳೂರಿನ ಭಾನುವಾರದ ಬಜಾರಿಗೆ ಹೋದರೆ ಟಾರ್ಚ್ ತಗೊಂಡು ಹೋಗು. ಕೊಳ್ಳುವ ಮುಂಚೆ ಕವರಿನ ಬಾಯಿ ಬಿಡಿಸಿ ಮೂಸಿ ನೋಡು. ಬೂಷ್ಟು ವಾಸನೆ ಬಂದದ್ದನ್ನು ಕುಶಾಲನಗರದಿಂದ ಮೇಲಕ್ಕೆ ಮಾತ್ರ ತರಬೇಡ.

ನನ್ನ ಹಳೇ ಪ್ಲೇಯರ್ ಇನ್ವರ್ಟರ್ ಮೇಲೆ ಗುಂಯ್ ಅನ್ನುತ್ತೆ, ಹಾಡು ಓಡುತ್ತಿದೆಯೋ ಎಳೆಯುತ್ತಿದೆಯೋ ಗೊತ್ತಾಗಲ್ಲ. ವೇಗ ಅಳೆಯೋದು ಹೇಗೆ?
*— ಓದುಗರು, ಶನಿವಾರಸಂತೆ*

ಹಳೇ ಪ್ಲೇಯರಿನ ಮೋಟರು ಕರೆಂಟಿನ 50 ಹರ್ಟ್ಸ್ ನೋಡಿಕೊಂಡೇ ತಿರುಗುತ್ತದೆ. ಅಗ್ಗದ ಇನ್ವರ್ಟರ್ ಕೊಡುವ ಕರೆಂಟಿನ ಅಲೆ ಚೌಕಾಕಾರದ್ದು, ಮೋಟರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಆದರೆ ಪರವಾಗಿಲ್ಲ. ವೇಗ ಎಳೆಯುತ್ತಿದ್ದರೆ ಒಳಗಿನ ರಬ್ಬರ್ ಚಕ್ರ ಗಟ್ಟಿಯಾಗಿದೆಯಾ, ಎಣ್ಣೆ ಹೆಪ್ಪುಗಟ್ಟಿದೆಯಾ ಎಂದೂ ನೋಡಿ.

ಅಳೆಯಲು ಗೆರೆಗಳಿರುವ ಸ್ಟ್ರೋಬ್ ತಟ್ಟೆ ಬರುತ್ತದೆ. ಎಲ್.ಪಿ. ವೇಗಕ್ಕೆ 180 ಗೆರೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ವೇಗ ಸರಿಯಿದ್ದರೆ ಆ ಬೆಳಕಿನಲ್ಲಿ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಆದರೆ ಪ್ಲೇಯರ್, ಟ್ಯೂಬ್‌ಲೈಟ್ ಎರಡೂ ಅದೇ ಇನ್ವರ್ಟರ್ ಮೇಲಿದ್ದರೆ ಮೋಸ ಹೋಗುತ್ತೀರಿ. ಇನ್ವರ್ಟರ್ ತಪ್ಪಿದರೆ ಎರಡೂ ಒಟ್ಟಿಗೇ ತಪ್ಪುತ್ತವೆ, ಗೆರೆ ಮಾತ್ರ ನಿಂತೇ ಇರುತ್ತದೆ. ಅದಕ್ಕೇ ಗಡಿಯಾರ ಹಿಡಿಯುವುದು ಒಳ್ಳೆಯದು. ಪ್ಲೇಟಿನ ಅಂಚಿನ ಕೆಳಗೆ, ತಿರುಗುವ ತಟ್ಟೆಗೆ ಒಂದು ಚೂರು ಕಾಗದ ಅಂಟಿಸಿ, ಮುಳ್ಳು ಹಾಡಿನ ಮೇಲೆ ಇರುವಾಗಲೇ ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ಸ್ಟ್ರೋಬೇ ಬೇಕು ಅನ್ನುವುದಾದರೆ ಲೈನ್ ಕರೆಂಟ್ ಇರುವಾಗ ನೋಡಿ. ಜುಲೈನಲ್ಲಿ ಅಂಥ ಹೊತ್ತು ಸಿಕ್ಕರೆ.